ಇಪ್ಪತ್ತೊಂದು ಅಡಿಯ ಮೆಟ್ಟಿಲು

1845ರಲ್ಲಿ ಅಮೆರಿಕದ ಉತ್ತರ ಗಡಿಯ ಸಣ್ಣ ಊರೊಂದರಲ್ಲಿ ಒಂದು ಉಗಿಹಡಗು ನೆಲದ ಮೇಲೆ ಹೋಯಿತು. ಹೋಯಿತು ಎಂದರೆ ತಾನಾಗಿ ಹೋಗಲಿಲ್ಲ, ಎಳೆದುಕೊಂಡು ಹೋದರು. ನದಿಯಿಂದ ದಡಕ್ಕೆ ಹತ್ತಿಸಿ, ಅಡಿಗೆ ಮರದ ದಿಮ್ಮಿಗಳನ್ನು ಕೊಟ್ಟು, ಉರುಳಿದಷ್ಟು ದೂರ ಉರುಳಿಸಿ, ಹಿಂದೆ ಉಳಿದ ದಿಮ್ಮಿಯನ್ನು ಹೊತ್ತು ತಂದು ಮತ್ತೆ ಮುಂದಿಟ್ಟು, ಹೀಗೆ ಒಂದು ಮೈಲಿಯಷ್ಟು ದಾಟಿಸುವಷ್ಟರಲ್ಲಿ ಏಳು ವಾರ ಕಳೆದಿದ್ದವು. ‘ಇಂಡಿಪೆಂಡೆನ್ಸ್’ ಎಂಬ ಆ ಹಡಗು ಸುಪೀರಿಯರ್ ಸರೋವರವನ್ನು ಕಂಡ ಮೊದಲ ಉಗಿಹಡಗು. ಪಕ್ಕದಲ್ಲೇ ನದಿ ತುಂಬಿ ಹರಿಯುತ್ತಿತ್ತು. ಆದರೆ ಆ ನೀರಿನಲ್ಲಿ ಹಡಗು ಹತ್ತಿಸುವ ಎದೆ ಯಾವ ಕಪ್ತಾನನಿಗೂ ಇರಲಿಲ್ಲ.

ಊರಿನ ಹೆಸರು ಸೂ ಸೇಂಟ್ ಮೇರಿ, ನದಿಯ ಹೆಸರು ಸೇಂಟ್ ಮೇರೀಸ್. ದಕ್ಷಿಣ ದಡ ಅಮೆರಿಕದ ಮಿಷಿಗನ್ ರಾಜ್ಯಕ್ಕೆ ಸೇರಿದ್ದು, ಉತ್ತರ ದಡ ಕೆನಡಾಕ್ಕೆ. ಎರಡೂ ದಡದಲ್ಲಿ ಒಂದೇ ಹೆಸರಿನ ಒಂದೊಂದು ಊರು. ಸುಪೀರಿಯರ್ ಸರೋವರದ ನೀರೆಲ್ಲ ಈ ನದಿಯ ಮೂಲಕವೇ ಕೆಳಗಿನ ಹ್ಯೂರಾನ್ ಸರೋವರಕ್ಕೆ ಇಳಿಯಬೇಕು, ಬೇರೆ ದಾರಿಯಿಲ್ಲ. ಇಳಿಯುವುದು ಹೆಚ್ಚೇನೂ ಅಲ್ಲ, ಸುಮಾರು 21 ಅಡಿ. ಎರಡಂತಸ್ತಿನ ಮನೆಯ ಎತ್ತರ. ಅದು ಉದ್ದಕ್ಕೂ ಹಂಚಿಹೋಗಿದ್ದರೆ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಹಾಗಾಗದೆ, ಇಳಿಕೆಯ ಬಹುಪಾಲು ಒಂದು ಮೈಲಿಗೂ ಕಡಿಮೆ ದೂರದಲ್ಲಿ ಒಟ್ಟಿಗೆ ಬಂದಿದೆ. ಹಿಮಯುಗದ ಮಂಜುಗಡ್ಡೆ ಕರಗಿ ಭಾರ ಇಳಿದಾಗ ಇಲ್ಲಿನ ನೆಲ ನಿಧಾನವಾಗಿ ಮೇಲೆದ್ದಿತು. ಗಟ್ಟಿ ಮರಳುಗಲ್ಲಿನ ಹಾಸು ನದಿಗೆ ಹೊಸ್ತಿಲಿನಂತೆ ಅಡ್ಡ ನಿಂತಿತು. ಅದರ ಮೇಲೆ ನದಿ ಬಂಡೆಯಿಂದ ಬಂಡೆಗೆ ನೊರೆಗಟ್ಟಿಕೊಂಡು ಧುಮುಕುತ್ತದೆ. ಜಲಪಾತ ಎನ್ನುವಷ್ಟು ಕಡಿದಾಗಿಲ್ಲ, ಹಡಗು ಹಾಯುವಷ್ಟು ಸೌಮ್ಯವಾಗಿಯೂ ಇಲ್ಲ.

ಒಜಿಬ್ವೆ ಜನರಿಗೆ ಇದೇ ಸೆಳವು ಅನ್ನದ ಬಟ್ಟಲಾಗಿತ್ತು. ಅವರ ಭಾಷೆಯಲ್ಲಿ ಈ ಜಾಗ ಬಾವಿಟಿಗಾಂಗ್, ನೀರು ಧುಮುಕುವ ಸ್ಥಳ. ಹಗುರ ದೋಣಿಯಲ್ಲಿ ಇಬ್ಬರು ಹೋಗುತ್ತಿದ್ದರು. ಹಿಂದಿನವನು ಗಳು ಊರಿ ನೊರೆಯ ನಡುವೆ ದೋಣಿಯನ್ನು ಹಿಡಿದು ನಿಲ್ಲಿಸಬೇಕು. ಮುಂದಿನವನು ಉದ್ದ ಹಿಡಿಯ ಬಲೆಯನ್ನು ನೀರಿಗೆ ಅದ್ದಿ ಬಿಳಿಮೀನನ್ನು ಎತ್ತಬೇಕು. ಹದಿನೇಳನೆಯ ಶತಮಾನದಲ್ಲಿ ಬಂದ ಫ್ರೆಂಚರು ಬೆರಗಾಗಿ ಬರೆದಿಟ್ಟಿದ್ದು ಈ ಕಲೆಯನ್ನೇ. ‘ಸೂ’ ಕೂಡ ಅವರು ಕೊಟ್ಟ ಹೆಸರು, ನೀರಿನ ಜಿಗಿತ ಎಂಬ ಅರ್ಥದ ಹಳೆಯ ಫ್ರೆಂಚ್ ಮಾತಿನಿಂದ ಬಂದದ್ದು.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಸೆಳವಿನ ಪಕ್ಕದಲ್ಲಿ ಒಂದು ಕಾಲುವೆ ತೋಡಿ ಹಡಗುಗಳನ್ನು ಸುತ್ತಿಸಿದರೆ ಆಗುವುದಿಲ್ಲವೇ? ಆಗುವುದಿಲ್ಲ. ಕಾಲುವೆಯ ಮೇಲಿನ ತುದಿ ಮೇಲಿನ ನೀರಿನಲ್ಲಿ, ಕೆಳಗಿನ ತುದಿ ಕೆಳಗಿನ ನೀರಿನಲ್ಲಿ. ನಡುವಿನ 21 ಅಡಿ ಎಲ್ಲಿಗೂ ಹೋಗಿರುವುದಿಲ್ಲ. ತೋಡಿದ ಕಾಲುವೆಯೂ ಭೋರ್ಗರೆಯುತ್ತದೆ, ಒಂದು ಸೆಳವಿನ ಪಕ್ಕದಲ್ಲಿ ಇನ್ನೊಂದು ಸೆಳವನ್ನು ನಾವೇ ಕಟ್ಟಿಕೊಂಡಂತಾಗುತ್ತದೆ. ಕಾಲುವೆಯಿಂದ ಬಂಡೆಗಳು ತಪ್ಪುತ್ತವೆ, ಇಳಿಜಾರು ತಪ್ಪುವುದಿಲ್ಲ. ಇಳಿಜಾರಿನಲ್ಲಿ ನೀರು ನಿಲ್ಲುವುದಿಲ್ಲ, ನಿಲ್ಲದ ನೀರಿನಲ್ಲಿ ಹಡಗು ನಮ್ಮ ಮಾತು ಕೇಳುವುದಿಲ್ಲ.

ಹಾಗಾದರೆ ಇಳಿಜಾರನ್ನು ಏನು ಮಾಡಬೇಕು? ಗುಡ್ಡದ ದೇವಸ್ಥಾನಕ್ಕೆ ಹೋಗುವ ಜಾರು ದಾರಿಯನ್ನು ಊರಿನವರು ಏನು ಮಾಡುತ್ತಾರೋ ಅದನ್ನೇ, ಅಂದರೆ ಮೆಟ್ಟಿಲು. ಕಾಲುವೆಯ ಮೇಲಿನ ಭಾಗವನ್ನು ಮೇಲಿನ ಸರೋವರದ ಮಟ್ಟಕ್ಕೆ, ಕೆಳಗಿನ ಭಾಗವನ್ನು ಕೆಳಗಿನ ನೀರಿನ ಮಟ್ಟಕ್ಕೆ ಸಮನಾಗಿ ನಿಲ್ಲಿಸಿ, ಇಡೀ ಇಳಿಕೆಯನ್ನು ಒಂದೇ ಜಾಗಕ್ಕೆ ತಂದು ಪೇರಿಸುವುದು. ಆ ಮೆಟ್ಟಿಲನ್ನು ಹಡಗು ಹತ್ತುವ ಉಪಾಯಕ್ಕೆ ಲಾಕ್ ಎಂದು ಹೆಸರು.

ಲಾಕ್ ಎಂದರೆ ಕಲ್ಲಿನದೋ ಕಾಂಕ್ರೀಟಿನದೋ ಒಂದು ಉದ್ದನೆಯ ತೊಟ್ಟಿ. ಎರಡು ತುದಿಗೂ ಕದ. ತಳದಲ್ಲಿ ನೀರಿನ ಸುರಂಗಗಳು, ಅವುಗಳಿಗೆ ತೂಬು. ಕೆರೆಯ ತೂಬನ್ನು ಬಲ್ಲವರಿಗೆ ಇದರಲ್ಲಿ ಹೊಸದೇನೂ ಇಲ್ಲ.

ಕೆಳಗಿನಿಂದ ಒಂದು ಹಡಗು ಬಂತು ಎಂದುಕೊಳ್ಳಿ. ತೊಟ್ಟಿಯ ನೀರು ಕೆಳಮಟ್ಟದಲ್ಲಿದೆ, ಕೆಳಗಿನ ಕದ ತೆರೆದಿದೆ, ಮೇಲಿನ ಕದ ಮುಚ್ಚಿದೆ. ಹಡಗು ನಿಧಾನವಾಗಿ ಒಳಗೆ ಬಂದು ನಿಲ್ಲುತ್ತದೆ, ಹಗ್ಗ ಬಿಗಿಯುತ್ತಾರೆ, ಹಿಂದಿನ ಕದ ಮುಚ್ಚುತ್ತದೆ. ಈಗ ಮೇಲಿನ ತೂಬು ಎತ್ತಿದರೆ ಸರೋವರದ ನೀರು ಸುರಂಗದಲ್ಲಿ ಇಳಿದು ತೊಟ್ಟಿಯ ತಳದಿಂದ ಉಕ್ಕುತ್ತದೆ. ತಳದಿಂದಲೇ ಬಿಡುವುದಕ್ಕೆ ಕಾರಣವಿದೆ. ಮೇಲಿನಿಂದ ಸುರಿದರೆ ಹಡಗು ಹೊಯ್ದಾಡಿ ಗೋಡೆಗೆ ಬಡಿಯುತ್ತದೆ. ಕೆಳಗಿನಿಂದ ಹರಡಿ ತುಂಬಿದರೆ ಹಾಲು ಉಕ್ಕುವ ಹಾಗೆ ನೀರು ಸಮನಾಗಿ ಏರುತ್ತದೆ. ಅದರೊಂದಿಗೆ ಹಡಗೂ ಏರುತ್ತದೆ. ಗೋಡೆಯ ಆಚೆ ನಿಂತು ನೋಡುತ್ತಿದ್ದರೆ ಮೊದಲು ಹಡಗಿನ ಮೇಲ್ಭಾಗ ಮಾತ್ರ ಕಾಣುತ್ತದೆ. ಸ್ವಲ್ಪ ಹೊತ್ತಿನಲ್ಲಿ ಇಡೀ ಹಡಗು ಎದುರಿಗೆ ಎದ್ದು ನಿಂತಿರುತ್ತದೆ. ಒಳಗಿನ ನೀರೂ ಮೇಲಿನ ನೀರೂ ಸಮವಾದಾಗ ಮೇಲಿನ ಕದ ತೆರೆಯುತ್ತಾರೆ, ಹಡಗು ಹೊರಡುತ್ತದೆ. ಇಳಿಯುವ ಹಡಗಿಗೆ ಇದೇ ಕೆಲಸ ಹಿಂದುಮುಂದಾಗಿ. ತುಂಬುವುದಕ್ಕಾಗಲಿ ಬರಿದಾಗುವುದಕ್ಕಾಗಲಿ ಅರ್ಧ ಗಂಟೆಯೂ ಬೇಕಿಲ್ಲ.

ನೀರನ್ನು ಎತ್ತುವ ಪಂಪು ಇದರಲ್ಲಿ ಎಲ್ಲಿಯೂ ಇಲ್ಲ ಎಂಬುದನ್ನು ಗಮನಿಸಿ. ತುಂಬುವಾಗ ಮೇಲಿನ ನೀರು ಒಳಗಿಳಿಯುತ್ತದೆ, ಬರಿದಾಗುವಾಗ ಒಳಗಿನ ನೀರು ಕೆಳಗಿಳಿಯುತ್ತದೆ. ನೀರು ಯಾವಾಗಲೂ ಇಳಿಯುತ್ತಲೇ ಇದೆ. ಹಡಗು ಮಾತ್ರ ಏರುತ್ತದೆ. ಎತ್ತುವ ಕೂಲಿ ಕೊಡುವುದು ಸುಪೀರಿಯರ್ ಸರೋವರ. ಮನುಷ್ಯ ಕೊಡುವುದು ಕದ ಮತ್ತು ತೂಬುಗಳನ್ನು ಆಡಿಸುವಷ್ಟು ಶಕ್ತಿಯನ್ನು ಮಾತ್ರ.

ಇನ್ನೊಂದು ಸಂಗತಿ ಕೇಳಿದ ಕೂಡಲೇ ನಂಬಿಕೆ ಬರುವಂಥದ್ದಲ್ಲ. ತೊಟ್ಟಿಯಲ್ಲಿ ಅರವತ್ತು ಸಾವಿರ ಟನ್ ಅದಿರು ಹೊತ್ತ ಹಡಗು ಇರಲಿ, ಒಂದು ಪುಟ್ಟ ದೋಣಿ ಇರಲಿ, ಮೇಲಿನಿಂದ ಕೆಳಗಿಳಿಸಲು ತೂಬಿನಿಂದ ಹೊರಬಿಡಬೇಕಾದ ನೀರು ಅಷ್ಟೇ. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ತಳ್ಳಿ ಕುಳಿತಿರುತ್ತದೆ. ಮೇಲಿದ್ದಾಗಲೂ ಅಷ್ಟೇ, ಕೆಳಗಿದ್ದಾಗಲೂ ಅಷ್ಟೇ. ಬದಲಾಗುವುದು ತೊಟ್ಟಿಯ ಮಟ್ಟ, ಹಡಗು ಮುಳುಗಿರುವ ಪ್ರಮಾಣವಲ್ಲ. ಇಂದು ಸೂ ಊರಿನಲ್ಲಿ ದೊಡ್ಡದಾಗಿರುವ ‘ಪೋ’ ಲಾಕ್ 1,200 ಅಡಿ ಉದ್ದ, 110 ಅಡಿ ಅಗಲ. ಅದನ್ನು 21 ಅಡಿ ಇಳಿಸುವುದೆಂದರೆ ಹತ್ತಿರ ಹತ್ತಿರ 8 ಕೋಟಿ ಲೀಟರ್ ನೀರು. ದೋಣಿಯೊಂದಕ್ಕಾಗಿ ಅಷ್ಟು ನೀರು ಬಿಟ್ಟರೆ ನಮಗೆ ಹೊಟ್ಟೆ ಉರಿಯಬಹುದು, ಆದರೆ ಆ ನೀರು ಹೇಗೂ ಕೆಳಗೆ ಹೋಗಲೇಬೇಕಾದದ್ದು.

ಕದಗಳ ಮಾತು ಬಂದರೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇಡೀ ಏರ್ಪಾಡಿನ ಜಾಣತನ ಅಲ್ಲಿದೆ. ಎರಡು ಅಂಗೈಗಳನ್ನು ಮುಂದೆ ಚಾಚಿ, ಬೆರಳ ತುದಿಗಳು ಮಾತ್ರ ತಾಗುವಂತೆ ಮನೆಯ ಮಾಡಿನ ಆಕಾರದಲ್ಲಿ ಹಿಡಿಯಿರಿ. ತುದಿ ನಿಮ್ಮಿಂದ ಆಚೆಗೆ ಇರಲಿ. ಆಚೆಯಿಂದ ಯಾರಾದರೂ ಒತ್ತಿದರೆ ಬೆರಳುಗಳು ಇನ್ನಷ್ಟು ಬಿಗಿಯಾಗಿ ಕೂಡಿಕೊಳ್ಳುತ್ತವೆ. ನಿಮ್ಮ ಕಡೆಯಿಂದ ಆಚೆಗೆ ತಳ್ಳಿದರೆ ಬಿಟ್ಟುಕೊಳ್ಳುತ್ತವೆ. ಲಾಕಿನ ಎರಡು ಕದಗಳು ಹೀಗೆಯೇ, ಮೂತಿಯನ್ನು ಎತ್ತರದ ನೀರಿನ ಕಡೆಗೆ ಚಾಚಿ ಕೂಡಿಕೊಳ್ಳುತ್ತವೆ. ಅಗುಳಿ ಬೇಕಿಲ್ಲ, ಚಿಲಕ ಬೇಕಿಲ್ಲ, ನೀರೇ ಚಿಲಕ. ಪೋ ಲಾಕಿನ ಕೆಳಗಿನ ಕದದ ಮೇಲೆ ತುಂಬಿದ ನೀರು ಒತ್ತುವ ಬಲವನ್ನು ಲೆಕ್ಕ ಹಾಕಿದರೆ ಎರಡು ಸಾವಿರ ಟನ್ನನ್ನು ಮೀರುತ್ತದೆ. ಒಳಗಿನ ನೀರು ಹೊರಗಿನದಕ್ಕಿಂತ ಬರೀ ಒಂದು ಸೆಂಟಿಮೀಟರ್ ಎತ್ತರವಿದ್ದರೂ ಮೂರು ಟನ್ನಿಗೂ ಹೆಚ್ಚಿನ ಒತ್ತಡ ಕದವನ್ನು ಹಿಡಿದಿರುತ್ತದೆ. ಅವಸರ ಮಾಡಿ ಫಲವಿಲ್ಲ. ಎರಡು ನೀರು ಸಮವಾದ ಗಳಿಗೆಯಲ್ಲಿ ಅದೇ ಕದ ಮೆತ್ತಗೆ ತೆರೆದುಕೊಳ್ಳುತ್ತದೆ. ಇಟಲಿಯ ಮಿಲಾನ್ ನಗರದ ಕಾಲುವೆಗಳಲ್ಲಿ ಇಂಥ ಕದವನ್ನು ಬಳಕೆಗೆ ತಂದವನು ಲಿಯೊನಾರ್ಡೊ ಡ ವಿಂಚಿ ಎಂದು ಹೇಳುವುದು ವಾಡಿಕೆ.

ಸೂ ಸೇಂಟ್ ಮೇರಿಯಲ್ಲಿ ಮೊದಲ ಲಾಕ್ ಬಂದದ್ದು ಹಡಗಿಗಾಗಿ ಅಲ್ಲ, ತುಪ್ಪಳಕ್ಕಾಗಿ. ಬೀವರ್ ಚರ್ಮದ ವ್ಯಾಪಾರ ಮಾಡುತ್ತಿದ್ದ ನಾರ್ತ್ ವೆಸ್ಟ್ ಕಂಪನಿ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕೆನಡಾದ ದಡದಲ್ಲಿ 38 ಅಡಿ ಉದ್ದದ ಮರದ ಲಾಕ್ ಕಟ್ಟಿತು. ಸರಕಿನ ದೋಣಿಗಳಿಗೆ ಅಷ್ಟು ಸಾಕಿತ್ತು. 1814ರಲ್ಲಿ, ಬ್ರಿಟನ್ ಮತ್ತು ಅಮೆರಿಕದ ಯುದ್ಧದ ನಡುವೆ, ಅಮೆರಿಕದ ಸೈನಿಕರು ಬಂದು ಅದನ್ನು ಹಾಳುಗೆಡವಿದರು. ಆಮೇಲೆ ನಾಲ್ಕು ದಶಕ ಎಲ್ಲವೂ ಹೊರೆ ಹೊರುವುದರ ಮೇಲೆಯೇ ನಡೆಯಿತು. ಒಂದು ತುದಿಯಲ್ಲಿ ಇಳಿಸು, ಗಾಡಿಯಲ್ಲಿ ಸಾಗಿಸು, ಇನ್ನೊಂದು ತುದಿಯಲ್ಲಿ ಬೇರೆ ಹಡಗಿಗೆ ಏರಿಸು.

1839ರಲ್ಲಿ ಮಿಷಿಗನ್ ರಾಜ್ಯ ಕಾಲುವೆ ತೋಡಲು ಗುತ್ತಿಗೆದಾರರನ್ನು ಕಳುಹಿಸಿತು. ಅವರು ಗುದ್ದಲಿ ಹಾಕಲು ಹೊರಟ ಜಾಗದಲ್ಲಿ ಅಲ್ಲಿನ ಸೇನಾ ಕೋಟೆಯ ಗಿರಣಿಗೆ ನೀರು ಒಯ್ಯುವ ಸಣ್ಣ ನಾಲೆಯಿತ್ತು. ನಾಲೆ ಮುಟ್ಟಕೂಡದು ಎಂದು ಕೇಂದ್ರ ಸರ್ಕಾರದ ಸೈನಿಕರು ಬಂದೂಕು ಹಿಡಿದು ರಾಜ್ಯ ಸರ್ಕಾರದ ಕೂಲಿಗಳನ್ನು ಓಡಿಸಿದರು. ಕಾಲುವೆಯ ಕನಸು ಒಂದು ಹಿಟ್ಟಿನ ಗಿರಣಿಯ ಮುಂದೆ ಸೋತಿತು. ಮರುವರ್ಷ ಹಣ ಕೇಳಿದಾಗ ಸೆನೆಟರ್ ಹೆನ್ರಿ ಕ್ಲೇ, ಇದು ಚಂದ್ರನಲ್ಲಿ ಎನ್ನದಿದ್ದರೂ ದೇಶದ ಕಟ್ಟಕಡೆಯ ವಸತಿಗೂ ಆಚೆ ಮಾಡುವ ಕೆಲಸ ಎಂದು ಮೂದಲಿಸಿದರು.

ಆ ಮೂದಲಿಕೆಗೆ ಉತ್ತರ ನೆಲದೊಳಗಿತ್ತು. ಸುಪೀರಿಯರ್ ದಡದಲ್ಲಿ ತಾಮ್ರವಿದೆ ಎಂಬ ವರದಿ 1841ರಲ್ಲೇ ಬಂದಿತ್ತು. 1844ರ ಸೆಪ್ಟೆಂಬರಿನಲ್ಲಿ ವಿಲಿಯಂ ಬರ್ಟ್ ಎಂಬ ಭೂಮಾಪಕರ ತಂಡ ಕಾಡಿನಲ್ಲಿ ಗಡಿ ಅಳೆಯುತ್ತಿದ್ದಾಗ ದಿಕ್ಸೂಚಿಯ ಮುಳ್ಳು ಹುಚ್ಚು ಹಿಡಿದಂತೆ ಸುತ್ತತೊಡಗಿತು. ಕಾಲಡಿಯಲ್ಲಿ ಕಬ್ಬಿಣದ ಅದಿರು. ತುಪ್ಪಳವನ್ನು ಹೊತ್ತು ದಾಟಿಸಬಹುದು, ಅದಿರನ್ನು ಹೊತ್ತು ಯಾರು ಉದ್ಧಾರವಾದರು? ಅದಿರಿನ ಬೆಲೆ ಇರುವುದೇ ರಾಶಿಯಲ್ಲಿ. ಎರಡು ಸಲ ಇಳಿಸಿ ಏರಿಸುವಷ್ಟರಲ್ಲಿ ಲಾಭವೆಲ್ಲ ಕೂಲಿಗೆ ಕರಗುತ್ತಿತ್ತು.

1852ರಲ್ಲಿ ಅಮೆರಿಕದ ಸಂಸತ್ತು ಹಣ ಕೊಡಲಿಲ್ಲ, ಜಮೀನು ಕೊಟ್ಟಿತು: 7.5 ಲಕ್ಷ ಎಕರೆ. ಕಾಲುವೆ ಕಟ್ಟಿದವರಿಗೆ ಆ ಜಮೀನು. ಈ ಅವಕಾಶವನ್ನು ಮೊದಲು ಗ್ರಹಿಸಿದವನು ಇಂಜಿನಿಯರನೂ ಅಲ್ಲ, ಹಡಗಿನವನೂ ಅಲ್ಲ. ಚಾರ್ಲ್ಸ್ ಹಾರ್ವೆ ಎಂಬ ಇಪ್ಪತ್ತಮೂರರ ಆಸುಪಾಸಿನ ಯುವಕ, ತಕ್ಕಡಿ ಮಾರುವ ಫೇರ್‌ಬ್ಯಾಂಕ್ಸ್ ಕಂಪನಿಯ ಏಜೆಂಟ್, ವಿಷಮಶೀತ ಜ್ವರದಿಂದ ಎದ್ದು ಸುಧಾರಿಸಿಕೊಳ್ಳಲು ಸೂ ಊರಿನಲ್ಲಿ ತಂಗಿದ್ದ. ಅವನು ಮಾಲೀಕರಿಗೆ ಬರೆದು ಒಪ್ಪಿಸಿದ. 1853ರ ಜೂನ್‌ನಲ್ಲಿ ಕೆಲಸ ಶುರುವಾಯಿತು.

ಲಾಕ್ ಎಷ್ಟು ದೊಡ್ಡದಿರಬೇಕು ಎಂಬ ಜಗಳ ಓದಲು ಮಜವಾಗಿದೆ. ಆ ಸರೋವರಗಳ ದೊಡ್ಡ ಹಡಗು ಮಾಲೀಕ ಈಬರ್ ವಾರ್ಡ್ 260 ಅಡಿ ಉದ್ದ ಧಾರಾಳವಾಯಿತು ಎಂದ. ತಕ್ಕಡಿಯವರು 350 ಅಡಿ ಎಂದು ಹಟ ಹಿಡಿದರು. ಹಡಗು ಬಲ್ಲವನ ಮಾತು ಸುಳ್ಳಾಗಿ, ತಕ್ಕಡಿ ಬಲ್ಲವರ ಮಾತು ನಿಜವಾಯಿತು. ಅದೂ ಕಾಲು ಶತಮಾನದ ಮಟ್ಟಿಗೆ ಮಾತ್ರ.

ಕೆಲಸ ಸುಲಭದ್ದಾಗಿರಲಿಲ್ಲ. ಚಳಿಗಾಲದಲ್ಲಿ ಸೊನ್ನೆಗಿಂತ ಎಷ್ಟೋ ಕೆಳಗಿನ ಥಂಡಿ, 1854ರ ಬೇಸಿಗೆಯಲ್ಲಿ ಕಾಲರಾ. ಕಾಲುವೆಯ ಬಾಯಲ್ಲಿ ನೀರಿನಡಿ ಬಂಡೆಯೊಂದು ಅಡ್ಡ ಸಿಕ್ಕಿತು. ಅದಕ್ಕೆ ಹಾರ್ವೆ ಉಗಿಯಂತ್ರದಿಂದ ಎತ್ತಿ ಬಿಡುವ ಕಬ್ಬಿಣದ ಒನಕೆಯೊಂದನ್ನು ಮಾಡಿಸಿ ಕುಟ್ಟಿಸಿದ. ಎರಡು ವರ್ಷದ ಗಡುವಿನೊಳಗೆ, ಸುಮಾರು 10 ಲಕ್ಷ ಡಾಲರ್ ವೆಚ್ಚದಲ್ಲಿ, ಒಂದು ಮೈಲಿಗೆ ಸ್ವಲ್ಪ ಮೀರಿದ ಕಾಲುವೆ ಮುಗಿಯಿತು. 1855ರ ಜೂನ್ 18ರಂದು ‘ಇಲಿನಾಯ್’ ಎಂಬ ಹಡಗು ಮೇಲೇರಿತು. ಆಗಿನದು ಒಂದೇ ಮೆಟ್ಟಿಲಲ್ಲ. ಒಂದರ ಬೆನ್ನಿಗೊಂದು ಅಂಟಿದ ಎರಡು ತೊಟ್ಟಿ, ಒಂದೊಂದೂ ಒಂಬತ್ತು ಅಡಿ ಎತ್ತುವಂಥದ್ದು. ಮರದ ಕದಕ್ಕೆ ಅರ್ಧ ಎತ್ತರವನ್ನೇ ತಾಳಿಕೊಳ್ಳುವ ಕೆಲಸ ಕೊಡುವುದು ವಿವೇಕದ ಮಾತು. ಅದೇ ಆಗಸ್ಟಿನಲ್ಲಿ ‘ಕೊಲಂಬಿಯಾ’ ಎಂಬ ಹಾಯಿಹಡಗು 132 ಟನ್ ಅದಿರನ್ನು ಇಳಿಸಿಕೊಂಡು ಹೋಯಿತು.

ಮುಂದಿನದು ಲಾಕು ಮತ್ತು ಹಡಗುಗಳ ಪೈಪೋಟಿ. ಲಾಕ್ ಬೆಳೆದಷ್ಟು ಹಡಗು ಬೆಳೆಯಿತು, ಹಡಗು ಬೆಳೆದಂತೆ ಲಾಕ್ ಸಾಲದಾಯಿತು. 1881ರಲ್ಲಿ 515 ಅಡಿಯದು ಬಂತು. ಅದೇ ವರ್ಷ ಕಾಲುವೆ ಕೇಂದ್ರ ಸರ್ಕಾರದ ಕೈಗೆ ಹೋಗಿ ಸುಂಕ ನಿಂತಿತು. 1896ರಲ್ಲಿ 800 ಅಡಿ. ಕೆನಡಾದವರಿಗೆ ಬೇರೆಯೇ ಕಾರಣವಿತ್ತು. 1870ರಲ್ಲಿ ಅವರ ಸೈನಿಕರನ್ನು ಪಶ್ಚಿಮಕ್ಕೆ ಒಯ್ಯುತ್ತಿದ್ದ ‘ಚಿಕೋರಾ’ ಹಡಗಿಗೆ ಅಮೆರಿಕದವರು ದಾರಿ ಬಿಡಲಿಲ್ಲ. ಆ ಅವಮಾನ ನುಂಗಿಕೊಂಡ ಕೆನಡಾ 1895ರಲ್ಲಿ ತನ್ನ ದಡದಲ್ಲಿ 900 ಅಡಿಯ ಲಾಕ್ ತೆರೆಯಿತು, ಕದ ತೂಬುಗಳನ್ನೆಲ್ಲ ವಿದ್ಯುತ್ತಿನಿಂದ ಆಡಿಸುವಂಥದ್ದು.

ಎರಡು ಕದಗಳು ಏಕಕಾಲಕ್ಕೆ ತೆರೆದರೆ ಏನಾಗುತ್ತದೆ ಎಂಬುದನ್ನು ಲೋಕಕ್ಕೆ ತೋರಿಸಿಕೊಟ್ಟದ್ದೂ ಅದೇ ಲಾಕ್. 1909ರ ಜೂನ್ 9ರಂದು ಮೇಲಿನ ಕದ ತೆರೆದಿತ್ತು, ಒಂದು ಪ್ರಯಾಣಿಕ ಹಡಗು ಒಳಗಿತ್ತು, ಅದರ ಹಿಂದೆ ಇನ್ನೊಂದು ಬರುತ್ತಿತ್ತು. ಕೆಳಗೆ ಸರದಿ ಕಾಯಬೇಕಾಗಿದ್ದ ‘ಪೆರಿ ಜಿ. ವಾಕರ್’ ಹಡಗು ಮುಂದಕ್ಕೆ ನುಗ್ಗಿ ಕೆಳಗಿನ ಕದಕ್ಕೆ ಗುದ್ದಿತು. ಬೆರಳ ತುದಿಗಳ ಉಪಮೆ ನೆನಪಿಸಿಕೊಳ್ಳಿ: ಆ ಕದ ಮೇಲಿನ ನೀರಿನ ಒತ್ತಡ ತಡೆಯಲು ಹುಟ್ಟಿದ್ದು, ಕೆಳಗಿನಿಂದ ಬಂದ ಗುದ್ದಿಗಲ್ಲ. ಕದ ಬಿಟ್ಟುಕೊಂಡಿತು. ಇಡೀ ಸುಪೀರಿಯರ್ ಸರೋವರಕ್ಕೆ ಒಮ್ಮೆಲೇ ಹೊಸ ದಾರಿ ಸಿಕ್ಕಿತು. ಹಡಗುಗಳು ಪ್ರವಾಹದಲ್ಲಿ ಕೊಚ್ಚಿ ಕೆಳಗೆ ಬಿದ್ದವು. ಇಂಥ ದಿನಕ್ಕೆಂದೇ ಕಾಲುವೆಯ ಮೇಲ್ಗಡೆ ತಿರುಗು ಸೇತುವೆಯೊಂದನ್ನು ಕಟ್ಟಿಟ್ಟಿದ್ದರು. ಅದನ್ನು ಕಾಲುವೆಗೆ ಅಡ್ಡ ತಿರುಗಿಸಿ, ಉಕ್ಕಿನ ಹಲಗೆಗಳನ್ನು ಒಂದೊಂದಾಗಿ ನೀರಿಗೆ ಇಳಿಸಿ ಹರಿವನ್ನು ಕಟ್ಟಿದರು. ಯಾರೂ ಸಾಯಲಿಲ್ಲ.

ಇಂದಿನ ಪೋ ಲಾಕ್ 1968ರದು. 1,000 ಅಡಿ ಉದ್ದ, 105 ಅಡಿ ಅಗಲದ ಅದಿರು ಹಡಗುಗಳು ಹಾಯುವುದು ಇದೊಂದರಲ್ಲೇ. ತೊಟ್ಟಿಯ ಅಗಲ 110 ಅಡಿ. ಅಂದರೆ ಎರಡೂ ಬದಿಗೆ ಉಳಿಯುವುದು ಎರಡೂವರೆ ಅಡಿ, ಮಲಗುವ ಕೋಣೆಯ ಬಾಗಿಲಷ್ಟೂ ಇಲ್ಲ. ಮೂರು ಫುಟ್‌ಬಾಲ್ ಮೈದಾನಗಳಷ್ಟು ಉದ್ದದ ಉಕ್ಕಿನ ಗೋಡೆಯೊಂದನ್ನು ಆ ಸಂದಿಯಲ್ಲಿ ತೂರಿಸುವ ಕಪ್ತಾನ ನಡೆಯುವವನಿಗಿಂತ ನಿಧಾನವಾಗಿ ಬರುತ್ತಾನೆ. ಪಕ್ಕದ ಮ್ಯಾಕ್‌ಆರ್ಥರ್ ಲಾಕ್ ಎರಡನೆಯ ಮಹಾಯುದ್ಧದ ತುರ್ತಿನಲ್ಲಿ, 1943ರಲ್ಲಿ ಕಟ್ಟಿದ್ದು. ಅದರಲ್ಲಿ ಈ ಹಡಗುಗಳು ಹಿಡಿಸುವುದಿಲ್ಲ. ಹೀಗಾಗಿ ಅಮೆರಿಕದ ಉಕ್ಕಿನ ಕಾರ್ಖಾನೆಗಳ ಅದಿರೆಲ್ಲ ಬಹುಮಟ್ಟಿಗೆ ಒಂದೇ ತೊಟ್ಟಿಯನ್ನು ನಂಬಿಕೊಂಡಿದೆ. ಅದು ಆರು ತಿಂಗಳು ಮುಚ್ಚಿದರೆ 1.1 ಕೋಟಿ ಜನ ಕೆಲಸ ಕಳೆದುಕೊಳ್ಳಬಹುದು ಎಂದು ಆ ದೇಶದ ಆಂತರಿಕ ಭದ್ರತಾ ಇಲಾಖೆ 2015ರಲ್ಲಿ ಅಂದಾಜು ಮಾಡಿತು. ಇಂಥ ಲೆಕ್ಕಗಳನ್ನು ನಾನು ಸ್ವಲ್ಪ ಉಪ್ಪುಖಾರ ಕಳೆದೇ ಓದುತ್ತೇನೆ. ಆದರೂ ಎರಡನೆಯ ದೊಡ್ಡ ಲಾಕಿಗೆ 1986ರಲ್ಲಿ ಒಪ್ಪಿಗೆ ಕೊಟ್ಟು 2020ರವರೆಗೆ ಕೆಲಸ ಶುರು ಮಾಡದೆ ಕುಳಿತದ್ದು ಸಮರ್ಥಿಸಲಾಗದ ಸಂಗತಿ. ಈಗ ಅದು ಏಳುತ್ತಿದೆ, 2030ರ ಹೊತ್ತಿಗೆ ಮುಗಿಸುವ ಯೋಜನೆ. ವೆಚ್ಚ 300 ಕೋಟಿ ಡಾಲರ್ ದಾಟಿದೆ. ಪ್ರತಿ ವರ್ಷ ಜನವರಿ 15ರಿಂದ ಮಾರ್ಚ್ 25ರವರೆಗೆ ಲಾಕುಗಳಿಗೆ ರಜೆ. ಸರೋವರ ಹೆಪ್ಪುಗಟ್ಟಿದ ಆ ದಿನಗಳಲ್ಲಿ ತೊಟ್ಟಿಯನ್ನು ಬರಿದು ಮಾಡಿ ದುರಸ್ತಿ ನಡೆಸುತ್ತಾರೆ.

ಹಡಗುಗಳು ಸುತ್ತಿ ಹೋಗಲು ಕಲಿತ ಆ ಸೆಳವು ಏನಾಯಿತು? 1820ರ ಒಪ್ಪಂದದಲ್ಲಿ ಒಜಿಬ್ವೆಯವರು ಜಮೀನು ಬಿಟ್ಟುಕೊಟ್ಟಾಗ ಒಂದನ್ನು ಮಾತ್ರ ಬರೆಸಿಕೊಂಡಿದ್ದರು: ಈ ಸೆಳವಿನಲ್ಲಿ ಮೀನು ಹಿಡಿಯುವ ಶಾಶ್ವತ ಹಕ್ಕು. ಕಾಲುವೆ ತೋಡಿದ್ದು ಅವರ ಮೀನುಗಾರಿಕೆಯ ಬಿಡಾರದ ಜಾಗದಲ್ಲೇ. ‘ಇಲಿನಾಯ್’ ಮೇಲೇರಿದ ಆರೇಳು ವಾರಕ್ಕೆ, 1855ರ ಆಗಸ್ಟ್ 2ರಂದು, ಇನ್ನೊಂದು ಒಪ್ಪಂದದಲ್ಲಿ ಅಮೆರಿಕ ಸರ್ಕಾರ ಆ ಶಾಶ್ವತ ಹಕ್ಕನ್ನೂ ಅವರಿಂದ ಬಿಡಿಸಿಕೊಂಡಿತು. ಆಮೇಲೆ ನೀರಿನ ಸರದಿ. 1902ರಲ್ಲಿ ಅಮೆರಿಕದ ದಡದಲ್ಲಿ ಕಾಲು ಮೈಲಿ ಉದ್ದದ ವಿದ್ಯುದಾಗಾರ ಶುರುವಾಯಿತು. ನದಿಯ ಹೆಚ್ಚಿನ ಪಾಲು ಟರ್ಬೈನುಗಳ ದಾರಿ ಹಿಡಿಯಿತು. ಸುಪೀರಿಯರ್ ಸರೋವರದ ಮಟ್ಟ ಕುಸಿಯದಂತೆ ಸೆಳವಿನ ತಲೆಯಲ್ಲಿ ಅಡ್ಡಲಾಗಿ 16 ಗೇಟುಗಳನ್ನು ಕಟ್ಟಿದರು. ಈಗ ಬಂಡೆಗಳ ಮೇಲೆ ಎಷ್ಟು ನೀರು ಹರಿಯಬೇಕೆಂದು ಎರಡು ದೇಶಗಳ ಜಂಟಿ ಮಂಡಳಿ ತೀರ್ಮಾನಿಸುತ್ತದೆ. ಮೀನುಗಳಿಗಾಗಿ ಬಿಡುವ ಕನಿಷ್ಠ ನೀರು, ಹದಿನಾರರಲ್ಲಿ ಒಂದು ಗೇಟನ್ನು ಅರ್ಧ ತೆರೆದಷ್ಟು.